ನಲವತ್ತೊಂದನೆಯ ಸರದಿ

ಬಾಣಲೆಗೆ ಮೊಟ್ಟೆ ಒಡೆಯುತ್ತಿದ್ದ ಡಾರ್ಲೀನ್ ತಲೆ ಎತ್ತದೆಯೇ, "ನಿಮ್ಮ ನಲವತ್ತೊಂದು ಹೋಯ್ತಂತಲ್ಲ ರಾಯರೆ," ಎಂದಾಗ ಲೆಸ್ಟರ್ ಡ್ರಾಬಿಕ್‌ಗೆ ಮೊದಲು ಹೊಳೆದದ್ದು ಆ ಮಾತಿನ ಅರ್ಥವಲ್ಲ. ಸುದ್ದಿ ಮೊದಲೇ ತಿಳಿದಿದ್ದವನ ಮುಖ ಹೇಗಿರುತ್ತದೆ ಎಂಬ ಯೋಚನೆ. ಅಂಥದೊಂದು ಮುಖ ಮಾಡಿಕೊಂಡು, "ಹ್ಞೂ, ಹೋಯ್ತು," ಎಂದ. ಟೊಲೀಡೊದ ಅಮೆರಿಕನ್ ಫುಟ್‌ಬಾಲ್ ತಂಡದ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷದಿಂದ ಬೆಳಗಿನ ತಿಂಡಿ ಮಾಡುತ್ತಿದ್ದ ಡಾರ್ಲೀನ್‌ಗೆ ಯಾರ ಕೆಲಸ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದು ತಟ್ಟೆ ಹಿಡಿದು ಬರುವವರ ಭುಜ ನೋಡಿದರೇ ಗೊತ್ತಾಗುತ್ತಿತ್ತು. ಅವಳು ಒಮ್ಮೆ ಅವನ ಕಡೆ ನೋಡಿ, ಕೇಳದಿದ್ದರೂ ಎರಡು ಹೋಳು ಹುರಿದ ಬೇಕನ್ ಮಾಂಸ ಜಾಸ್ತಿ ಹಾಕಿದಳು. ತನ್ನ ಮುಖ ತನಗೆ ಮೋಸ ಮಾಡಿದೆ ಎಂಬುದು ಆ ಬೇಕನ್ನಿನಿಂದ ಅವನಿಗೆ ಖಚಿತವಾಯಿತು. ಗೋಡೆಯ ಮೇಲಿನ ಟೀವಿಗೆ ದನಿ ಇರಲಿಲ್ಲ, ಅಕ್ಷರಗಳಷ್ಟೇ ಹರಿಯುತ್ತಿದ್ದವು: ಟೊಲೀಡೊಗೆ ಕ್ವಾರ್ಟರ್‌ಬ್ಯಾಕ್ ಟೋಬಿನ್ ಲಾಸ್ಕಿ, ಬದಲಿಗೆ ಈ ವರ್ಷದ ಎರಡನೆಯ ಸುತ್ತಿನ ಸರದಿ, ಮುಂದಿನ ವರ್ಷದ ಮೂರನೆಯ ಸುತ್ತಿನದು. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡೆಸೆದು ಇಡೀ ಆಟ ನಡೆಸುವವನು; ಲಾಸ್ಕಿ ನಾಲ್ಕು ವರ್ಷ ಪಶ್ಚಿಮದ ತಂಡವೊಂದರಲ್ಲಿ ದೊಡ್ಡ ಆಟಗಾರನೊಬ್ಬನ ಬೆನ್ನ ಹಿಂದೆ ಬೆಂಚಿನ ಮೇಲೆ ಕೂತಿದ್ದವನು. ಆ ದೊಡ್ಡವನ ಕೈ ಉಳುಕಿದಾಗ ಮೂರೇ ಮೂರು ಪಂದ್ಯ ಆಡಿ ಎರಡು ಗೆದ್ದಿದ್ದ. ಮೂರು ಪಂದ್ಯಕ್ಕೆ ಎರಡು ಸರದಿ ಎಂದು ಲೆಸ್ಟರ್ ಮನಸ್ಸಿನಲ್ಲೇ ಅಂದುಕೊಂಡ. ತಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟು, ಹಸಿವಿಲ್ಲವೆಂಬುದು ಯಾರಿಗೂ ಕಾಣದಿರಲೆಂದು ಕಾಫಿ ಲೋಟವನ್ನು ಮಾತ್ರ ಎತ್ತಿಕೊಂಡು ಹೊರಟ.

ಮೂವತ್ತೆರಡು ತಂಡಗಳು ಸರದಿಯ ಮೇಲೆ ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಇನ್ನು ಆರು ವಾರವಿತ್ತು. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಟೊಲೀಡೊ ಸಾಕಷ್ಟು ಸೋತಿತ್ತು: ಮೊದಲ ಸುತ್ತಿನಲ್ಲಿ ಒಂಬತ್ತನೆಯದು, ಎರಡನೆಯ ಸುತ್ತಿನಲ್ಲಿ ನಲವತ್ತೊಂದನೆಯದು. ಒಂಬತ್ತನೆಯದರ ಬಗ್ಗೆ ಒಡತಿ, ಮ್ಯಾನೇಜರು, ಕೋಚು ಎಲ್ಲರೂ ಮಾತಾಡುವರು. ಎರಡನೆಯ ಸುತ್ತು ಲೆಸ್ಟರನದು ಎಂದು ಮಾತ್ರ ಹಳೆಯ ರೂಢಿ. ಯಾರೂ ಎಲ್ಲೂ ಬರೆದಿಟ್ಟದ್ದಲ್ಲ. ಇಪ್ಪತ್ಮೂರು ವರ್ಷದಿಂದ ಊರೂರು ತಿರುಗಿ, ಮಳೆಯಲ್ಲಿ ಹಿಮದಲ್ಲಿ ಮರದ ಮೆಟ್ಟಿಲ ಮೇಲೆ ಕೂತು, ಹುಡುಗರು ಓಡುವುದನ್ನು ಬೀಳುವುದನ್ನು ನೋಡಿ ಬರೆದುಕೊಂಡವನಿಗೆ ವರ್ಷಕ್ಕೊಂದು ಹೆಸರು ತಾನೇ ಹೇಳುವ ಹಕ್ಕು, ಅಷ್ಟೆ. ಅದು ಹಕ್ಕೆಂದು ತಾನು ತಿಳಿದಿದ್ದೆ, ಬೇರೆಯವರು ಸೌಜನ್ಯವೆಂದು ತಿಳಿದಿದ್ದರು ಎಂದು ಓಣಿಯಲ್ಲಿ ನಡೆಯುತ್ತಾ ಅವನಿಗೆ ಅನ್ನಿಸಿತು. ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಬೇಕಾದ ಸಂಗತಿಯೇ ಇದು? ಎದುರಿಗೆ ಬಂದ ವಿಡಿಯೊ ವಿಭಾಗದ ಇಬ್ಬರು ನಮಸ್ಕಾರವನ್ನು ಸ್ವಲ್ಪ ಹೆಚ್ಚಾಗಿಯೇ ಹೇಳಿದರು.

ಹೆಸರುಗಳ ಕೋಣೆಗೆ ಕಿಟಕಿ ಇಲ್ಲ. ಒಂದು ಗೋಡೆಯ ಉದ್ದಕ್ಕೂ ಕಬ್ಬಿಣದ ಹಲಗೆ, ಅದರ ಮೇಲೆ ಅಯಸ್ಕಾಂತ ಅಂಟಿಸಿದ ಪಟ್ಟಿಗಳು, ಪಟ್ಟಿಗೊಬ್ಬ ಹುಡುಗ. ನೂರ ಎಂಬತ್ತು ಹೆಸರು, ಮೇಲಿನಿಂದ ಕೆಳಕ್ಕೆ. ಮಧ್ಯದಲ್ಲಿ, ಅವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಜರೆಲ್ ಪೆಟಿವೇ. ಅಲಬಾಮಾದ ಸಣ್ಣ ಕಾಲೇಜೊಂದರ ಹುಡುಗ, ಆರಡಿ ಆರಂಗುಲ, ಸಾಲಿನ ಎಡತುದಿಯಲ್ಲಿ ನಿಂತು ತನ್ನ ಕ್ವಾರ್ಟರ್‌ಬ್ಯಾಕಿನ ಬೆನ್ನು ಕಾಯುವವನು. ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳದವನನ್ನು ಲೆಸ್ಟರ್ ನಾಲ್ಕು ಸಲ ಹೋಗಿ ನೋಡಿದ್ದ. ನಾಲ್ಕನೆಯ ಸಲ ಅವರ ಮನೆಯಲ್ಲಿ ಊಟ. ಹುಡುಗನ ತಾಯಿ ಒಡೆಸ್ಸಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವಾಕೆ, ಮಾತು ಕಡಿಮೆ. ಕರಿದ ಮೀನು ಬಡಿಸಿ, ತಾನು ಕೂರದೆ ಬಾಗಿಲಿಗೆ ಒರಗಿ ನಿಂತು, ಚಳಿಯ ಊರಾದರೆ ಮೊದಲೇ ತಿಳಿಸಬೇಕೆಂದು ಕೇಳಿದ್ದಳು. ಮಗನ ಅಳತೆಯ ಕೋಟು ಅವರ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ, ಹೇಳಿ ತರಿಸಬೇಕು. ಯಾರಿಗೂ ಯಾವ ಮಾತೂ ಕೊಡಬಾರದೆಂಬುದು ಈ ವೃತ್ತಿಯ ಮೊದಲ ಪಾಠ. ಹೊಸಬರಿಗೆ ಲೆಸ್ಟರನೇ ಅದನ್ನು ಹೇಳಿಕೊಡುತ್ತಿದ್ದ. ಆದರೆ ಅಂದು ಬಾಯಲ್ಲಿ ಮೀನಿತ್ತು, ಕಿಟಕಿಯಲ್ಲಿ ಬಿಸಿಲಿತ್ತು. "ಒಂದು ತರಿಸಿಡಿ," ಎಂದುಬಿಟ್ಟಿದ್ದ. ಆಕೆ ನಗಲಿಲ್ಲ, ತಲೆ ಆಡಿಸಿದಳು, ಅಷ್ಟೆ. ಮುಂದೆ ಏಪ್ರಿಲ್‌ನಲ್ಲಿ ಜರೆಲ್‌ನನ್ನು ಮೂವತ್ತೆಂಟನೆಯ ಸರದಿಯಲ್ಲೇ ಫ್ಲಾರಿಡಾದ ತಂಡವೊಂದು ಎತ್ತಿಕೊಂಡಿತು. ನಲವತ್ತೊಂದು ಕೈಯಲ್ಲಿದ್ದಿದ್ದರೂ ಆ ಹುಡುಗ ಲೆಸ್ಟರನಿಗೆ ಸಿಗುತ್ತಿರಲಿಲ್ಲ. ಆದರೆ ಆ ಬೆಳಗ್ಗೆ ಇದು ಯಾರಿಗೂ ಗೊತ್ತಿರಲಿಲ್ಲ. ಪಟ್ಟಿಯ ಅಂಚನ್ನು ಬೆರಳಿನಿಂದ ಸವರುತ್ತಾ ಲೆಸ್ಟರ್ ಆ ಕೋಟಿನ ಬೆಲೆ ಎಷ್ಟಿರಬಹುದೆಂದಲ್ಲ, ಅದನ್ನು ಅವಳು ಎಲ್ಲಿ ತೂಗುಹಾಕಿರಬಹುದು ಎಂದು ಯೋಚಿಸುತ್ತಿದ್ದ.

ನೀಲ್ ಕರ್ವಿನ್ ಬಂದದ್ದು ಎಂಟೂವರೆಗೆ. ಮೂವತ್ತೊಂಬತ್ತರ ಜನರಲ್ ಮ್ಯಾನೇಜರು, ಟೊಲೀಡೊಗೆ ಬಂದು ಮೂರು ವರ್ಷ, ಎಷ್ಟೇ ಹೊತ್ತಿನಲ್ಲೂ ಈಗತಾನೇ ಸ್ನಾನ ಮಾಡಿದವನಂತೆ ಕಾಣುವವನು. ನಿನ್ನೆಯೇ ಫೋನು ಮಾಡಬೇಕಿತ್ತು, ಆದರೆ ಒಪ್ಪಂದ ಆಗುವ ಹೊತ್ತಿಗೆ ನೀವು ಮಲಗಿರುತ್ತೀರಿ ಅನ್ನಿಸಿತು ಎಂದ. ಅದು ನಿಜವೂ ಇರಬಹುದು ಎಂಬುದೇ ಲೆಸ್ಟರನಿಗೆ ಚುಚ್ಚಿತು: ಬೇಗ ಮಲಗುವವನು. ಕರ್ವಿನ್ ಹಲಗೆಯ ಮುಂದೆ ನಿಂತು ತನ್ನ ಲೆಕ್ಕಾಚಾರ ವಿವರಿಸಿದ. ಹಾಗೆ ವಿವರಿಸುವಾಗ ಅವನಲ್ಲಿ ಅಹಂಕಾರ ಇರಲಿಲ್ಲ, ಅದೇ ಕಷ್ಟ. ಈ ವರ್ಷದ ಕಾಲೇಜು ಕ್ವಾರ್ಟರ್‌ಬ್ಯಾಕುಗಳಲ್ಲಿ ಒಂಬತ್ತನೆಯ ಸರದಿಗೆ ಉಳಿಯುವವನು ಮೂರನೆಯವನೋ ನಾಲ್ಕನೆಯವನೋ. ಅಂಥವನನ್ನು ತಂದು ಮೂರು ವರ್ಷ ಕಾದು, ಆಗಲಿಲ್ಲವೆಂದರೆ ಎಲ್ಲರ ಕೆಲಸವೂ ಹೋಗುತ್ತದೆ. ಐದು ವರ್ಷದ ಹಿಂದೆ ಈ ಊರಿನಲ್ಲಿ ಆದದ್ದೂ ಅದೇ. ಅದರ ಬದಲು ಇನ್ನೊಬ್ಬರ ಮನೆಯಲ್ಲಿ ನಾಲ್ಕು ವರ್ಷ ಕಲಿತವನನ್ನು ಎರಡನೆಯ ಸುತ್ತಿನ ಬೆಲೆಗೆ ತರುವುದು. ಆಡಿದರೆ ಸರಿ, ಆಡದಿದ್ದರೂ ಒಂಬತ್ತನೆಯದು ನಮ್ಮಲ್ಲೇ ಉಳಿಯಿತು, ಅದರಲ್ಲಿ ಬೇರೆ ಯಾರನ್ನಾದರೂ ತರಬಹುದು. ಲೆಸ್ಟರ್ ತಲೆದೂಗಿದ. ಲೆಕ್ಕ ತಪ್ಪೇನಿರಲಿಲ್ಲ. ತನ್ನನ್ನು ಕೇಳಿದ್ದರೆ ತಾನೂ ಹೌದೆನ್ನುತ್ತಿದ್ದೆನೋ ಏನೋ ಎಂಬ ಅನುಮಾನ ಬಂದು, ಹಾಗಾದರೆ ತನ್ನ ಸಂಕಟ ಯಾವುದಕ್ಕೆ ಎಂದು ತಿಳಿಯದೆ ಹೋಯಿತು.

"ಮಿಸೆಸ್ ಥರ್ಲೋ ಒಪ್ಪಿದ್ದು ನಿಮ್ಮಿಂದ, ಗೊತ್ತಾ?" ಎಂದ ಕರ್ವಿನ್.

ಥರ್ಲೋ ಮನೆತನದ್ದು ಗಾಜಿನ ಕಾರ್ಖಾನೆ, ಗಂಡ ಸತ್ತ ಮೇಲೆ ತಂಡವೂ ಆಕೆಯದೇ. ಅಂಕಿ ಎಂದರೆ ಆಕೆಗೆ ತಲೆನೋವು, ಚೆನ್ನಾಗಿ ಬರೆದ ವಾಕ್ಯ ಎಂದರೆ ಪ್ರೀತಿ. ಕರ್ವಿನ್ ನಾಲ್ಕು ವರ್ಷದ ಹಿಂದಿನ ಕಡತ ತೆಗೆಸಿದ್ದ. ಲಾಸ್ಕಿ ಆಗ ಓಕ್ಲಹೋಮಾದ ಕಾಲೇಜಿನಲ್ಲಿದ್ದ. ವರದಿಯ ಕೆಳಗೆ ಲೆಸ್ಟರನ ಸಹಿ ಇತ್ತು. ಕರ್ವಿನ್ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಓದಿದ: "ಸುತ್ತ ಮನೆ ಕುಸಿಯುತ್ತಿದ್ದರೂ ಇವನ ಕಾಲು ಅವಸರ ಮಾಡುವುದಿಲ್ಲ." ಮುದುಕಿ ಇದನ್ನು ಎರಡು ಸಲ ಓದಿಸಿದರಂತೆ. ಡ್ರಾಬಿಕ್ ನೋಡಿದ್ದಾನೆ ಅಂದರೆ ಸಾಕು ಎಂದರಂತೆ. "ನೀವು ಕಣ್ಣಾರೆ ಕಂಡಿದ್ದು, ಲೆಸ್ಟರ್. ಅದಕ್ಕೊಂದು ತೂಕ ಇರುತ್ತೆ." ಮಧ್ಯಾಹ್ನ ಎರಡೂವರೆಗೆ ವೈದ್ಯರ ಪರೀಕ್ಷೆ, ನಾಲ್ಕಕ್ಕೆ ಕಾಗದ ತಂಡಗಳ ಸಂಘದ ಕಚೇರಿಗೆ ಹೋಗುತ್ತದೆ, ಅಲ್ಲಿಯವರೆಗೆ ಬರೀ ಬಾಯಿಮಾತಿನ ಒಪ್ಪಂದ, ಹುಡುಗನನ್ನು ಡೆಟ್ರಾಯಿಟ್ ವಿಮಾನ ನಿಲ್ದಾಣದಿಂದ ನೀವೇ ಕರೆತಂದರೆ ಚೆನ್ನ, ನಿಮ್ಮನ್ನು ನೋಡಿದರೆ ಅವನಿಗೆ ಸಂತೋಷವಾಗುತ್ತದೆ ಎಂದು ಹೇಳಿ ಹಾಳೆಯನ್ನು ಲೆಸ್ಟರನ ಕೈಗೇ ಕೊಟ್ಟು ಹೋದ.

ಹಾಳೆಯ ಮೇಲಿನ ಸಹಿ ಅವನದೇ. ವಾಕ್ಯ ಅವನದಲ್ಲ. ಓಕ್ಲಹೋಮಾದಲ್ಲಿ ಆ ದಿನ ಬಿದ್ದದ್ದು ಮಳೆಯೂ ಅಲ್ಲ ಹಿಮವೂ ಅಲ್ಲ, ಮೂಳೆಗೆ ಇಳಿಯುವ ಒಂದು ತಣ್ಣನೆಯ ಜಿನುಗು. ಮೊದಲರ್ಧದಲ್ಲಿ ಲಾಸ್ಕಿ ಎರಡು ಸಲ ಚೆಂಡನ್ನು ಎದುರಾಳಿಯ ಕೈಗೇ ಎಸೆದಿದ್ದ. ಲೆಸ್ಟರ್ ಅವನನ್ನು ಮನಸ್ಸಿನಲ್ಲೇ ಪಟ್ಟಿಯಿಂದ ಹೊಡೆದುಹಾಕಿ, ಕಾಲು ಬೆಚ್ಚಗೆ ಮಾಡಿಕೊಂಡು ಬರುತ್ತೇನೆಂದು ಜೊತೆಗಾರ ಹೋಲಿಸ್ ಯೌಂಟ್‌ಗೆ ಹೇಳಿ ಕಾರಿಗೆ ಹೋಗಿದ್ದ. ಯಾರೂ ಸತ್ತಿರಲಿಲ್ಲ, ಯಾರಿಗೂ ಕಾಯಿಲೆ ಇರಲಿಲ್ಲ, ಮನೆಯಿಂದ ಫೋನು ಬಂದಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅಂಥದೊಂದು ಕಾರಣವನ್ನು ಅವನು ಎಷ್ಟೋ ಸಲ ಹುಡುಕಿದ್ದ. ಹೀಟರ್ ಹಾಕಿ, ಸೀಟು ಹಿಂದಕ್ಕೆ ವಾಲಿಸಿ ನಿದ್ದೆ ಹೋದ. ಬಾಯಿ ತೆರೆದುಕೊಂಡು ಮಲಗಿದ್ದಿರಬೇಕು. ಹೋಲಿಸ್ ಗಾಜಿನ ಮೇಲೆ ಬೆರಳಿನಿಂದ ತಟ್ಟಿದಾಗ ಗಲ್ಲದ ಮೇಲೆ ಜೊಲ್ಲಿತ್ತು, ಕ್ರೀಡಾಂಗಣ ಖಾಲಿಯಾಗಿತ್ತು. ಎರಡನೆಯ ಅರ್ಧದಲ್ಲಿ ಆ ಹುಡುಗ ಹದಿನೇಳು ಅಂಕ ಹಿಂದಿದ್ದ ತಂಡವನ್ನು ಎತ್ತಿ ಗೆಲ್ಲಿಸಿದ್ದನಂತೆ. ಆ ಪ್ರಾಂತ್ಯ ಲೆಸ್ಟರನದು, ವರದಿ ಅವನೇ ಬರೆಯಬೇಕು. ಹೋಲಿಸ್ ಒದ್ದೆಯಾದ ತನ್ನ ಟಿಪ್ಪಣಿ ಪುಸ್ತಕದಿಂದ ಹಾಳೆ ಹರಿದು, "ನೀನೇ ನೋಡಿದ್ದು ಅಂತ ಬರ್ಕೊ. ಯಾರು ನೋಡಿದ್ರೇನು," ಎಂದು ಕೊಟ್ಟ. ಅಷ್ಟೇ. ಅವನ ಮುಖದಲ್ಲಿ ಹಾಸ್ಯ ಕೂಡ ಇರಲಿಲ್ಲ.

ಹೋಲಿಸನ ಹಾಳೆಯಲ್ಲಿ ಇನ್ನೂ ಒಂದು ವಾಕ್ಯವಿತ್ತು. ಎಡಗಡೆಯಿಂದ ನುಗ್ಗಿ ಬರುವವನನ್ನು ಕಂಡರೆ ಮಾತ್ರ ಹುಡುಗನ ಕಣ್ಣು ನೆಲಕ್ಕಿಳಿಯುತ್ತದೆ. ಎಡಕ್ಕೊಬ್ಬ ಗಟ್ಟಿ ಕಾವಲಿನವನಿಲ್ಲದೆ ಇವನನ್ನು ತರಬೇಡಿ. ಲೆಸ್ಟರ್ ಅದನ್ನು ಬಿಟ್ಟುಬಿಟ್ಟ. ಹೊಗಳಿಕೆಯನ್ನು ಯಾರೂ ವಿಚಾರಿಸುವುದಿಲ್ಲ. ದೋಷ ಬರೆದರೆ ಯಾವ ಆಟದಲ್ಲಿ, ಎಷ್ಟು ಸಲ, ಎಂದು ಸಭೆಯಲ್ಲಿ ಕೇಳುತ್ತಾರೆ. ಕಾಣದ್ದಕ್ಕೆ ಏನೆಂದು ಉತ್ತರ ಹೇಳುವುದು? ಲಾಸ್ಕಿಯನ್ನು ಆ ವರ್ಷ ಐದನೆಯ ಸುತ್ತಿನಲ್ಲಿ ಬೇರೆಯವರು ತೆಗೆದುಕೊಂಡರು. ವಿಷಯ ಮುಗಿಯಿತು ಎಂದು ಲೆಸ್ಟರ್ ಅಂದುಕೊಂಡಿದ್ದ. ಮುಗಿಯಲಿಲ್ಲ. ಎರಡು ಬೇಸಿಗೆಯ ಹಿಂದೆ ಕರ್ವಿನ್ ಹುಡುಗರನ್ನು ನೋಡಿಬರುವ ಎಂಟು ಜನರನ್ನು ಆರಕ್ಕೆ ಇಳಿಸಬೇಕು, ಹೆಸರು ನೀವೇ ಕೊಡಿ ಎಂದಾಗ, ಮೊದಲನೆಯದು ಒಬ್ಬ ಹೊಸಬನದು, ಎರಡನೆಯದು ಹೋಲಿಸ್ ಯೌಂಟ್. ಮಂಡಿನೋವು, ಮೆಟ್ಟಿಲು ಹತ್ತಲಾರ ಎಂದು ಕಾರಣ ಬರೆದ. ಮಂಡಿನೋವು ನಿಜವೇ. ಆದರೆ ಆ ಹೆಸರು ಬರೆದ ಮೇಲೆ ಒಂದು ಗಳಿಗೆ ಅವನ ಎದೆ ಹಗುರಾದದ್ದೂ ನಿಜ: ಗಾಜು ತಟ್ಟಿದವನು ಇನ್ನು ಕಟ್ಟಡದಲ್ಲಿ ಇರುವುದಿಲ್ಲ. ಹೋಲಿಸ್ ಜಗಳ ಆಡಲಿಲ್ಲ. ತಂಡ ಕೊಟ್ಟ ಸೂಟ್‌ಕೇಸನ್ನು ಖಾಲಿ ಮಾಡಿ, ಒಳಗೆಲ್ಲ ಒರೆಸಿ, ಲೆಸ್ಟರನ ಮೇಜಿನ ಪಕ್ಕ ಇಟ್ಟು ಹೋದ. ಈಗ ಫಿಂಡ್ಲೆಯಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆಂದು ಡಾರ್ಲೀನ್ ಹೇಳಿದ್ದಳು.

ಒಂಬತ್ತೂವರೆಯ ಹೊತ್ತಿಗೆ ಲೆಸ್ಟರ್ ಹಲಗೆಯನ್ನು ಬದಲಿಸತೊಡಗಿದ. ಹೊಸ ಲೆಕ್ಕಕ್ಕೆ ಹೊಸ ಹಲಗೆ. ಕ್ವಾರ್ಟರ್‌ಬ್ಯಾಕುಗಳ ಸಾಲನ್ನು ಪೂರ್ತಿ ಕಿತ್ತು ಡಬ್ಬಿಗೆ ಹಾಕಿದ. ಅವರಿಗಾಗಿ ಹನ್ನೊಂದು ತಿಂಗಳು ತಿರುಗಿದ ಊರುಗಳ ಹೆಸರು ಒಂದೊಂದಾಗಿ ತಲೆಯಲ್ಲಿ ಹಾದುಹೋದವು. ಒಂಬತ್ತು ಮತ್ತು ಮೂರನೆಯ ಸುತ್ತಿನ ಎಪ್ಪತ್ತಮೂರರ ನಡುವೆ ಈಗ ತಂಡಕ್ಕೆ ಬಾಯಿಯೇ ಇಲ್ಲ. ಅಲ್ಲಿದ್ದ ಅರವತ್ತು ಚಿಲ್ಲರೆ ಹುಡುಗರನ್ನು ಬೇರೆಯವರು ಆರಿಸುವಾಗ ಸುಮ್ಮನೆ ನೋಡುತ್ತ ಕೂರಬೇಕು. ಅವರ ಪಟ್ಟಿಗಳನ್ನು ಬಲಗಡೆಗೆ ಸರಿಸುತ್ತಾ ಬಂದವನು ಜರೆಲ್ ಪೆಟಿವೇಯ ಮುಂದೆ ನಿಂತ. ಎಡಕ್ಕೊಬ್ಬ ಗಟ್ಟಿ ಕಾವಲಿನವನು. ತನ್ನ ತಪ್ಪಿನ ಆಕಾರ ಅವನಿಗೆ ಪೂರ್ತಿ ಕಂಡದ್ದು ಆಗ: ಆ ಎರಡನೆಯ ವಾಕ್ಯವನ್ನು ತಾನು ಬರೆದಿದ್ದರೆ, ಲಾಸ್ಕಿಯನ್ನು ತರುವವರಿಗೆ ಜರೆಲ್‌ನಂಥವನೂ ಬೇಕು ಎಂದು ಗೊತ್ತಿರುತ್ತಿತ್ತು, ಅಂಥವನನ್ನು ತರಬಹುದಾಗಿದ್ದ ಸರದಿಯನ್ನೇ ಕೊಟ್ಟು ಲಾಸ್ಕಿಯನ್ನು ತರುತ್ತಿರಲಿಲ್ಲ. ನಾಲ್ಕು ಗಂಟೆಯವರೆಗೆ ಹೊತ್ತಿದೆ. ಹೇಳಿದರೆ ವ್ಯವಹಾರ ನಿಲ್ಲುತ್ತದೆ. ಹೇಳಿದರೆ ತಾನೂ ಉಳಿಯುವುದಿಲ್ಲ, ಈ ಕಟ್ಟಡದಲ್ಲಿ. ವಿಚಿತ್ರವೆಂದರೆ ಹೀಗೆಂದುಕೊಂಡಾಗ ಅವನಿಗೆ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಗೌರವ ಹುಟ್ಟಿತು, ತನ್ನ ಮೇಲೆಯೇ. ತನ್ನ ಒಂದು ಮಾತಿನಿಂದ ತಂಡದ ದಿಕ್ಕು ಬದಲಾಗುತ್ತದೆ. ಆ ಗೌರವವನ್ನು ಹೊತ್ತುಕೊಂಡೇ ಮೆಟ್ಟಿಲು ಹತ್ತಿ ಕರ್ವಿನ್‌ನ ಕೋಣೆಗೆ ಹೋದ.

ನಿಂತುಕೊಂಡೇ ಎಲ್ಲ ಹೇಳಿದ. ಕಾರು, ಹೀಟರ್, ಹೋಲಿಸ್, ಹಾಳೆ. ಜೊಲ್ಲೊಂದನ್ನು ಬಿಟ್ಟು. ಎಡಗಡೆಯ ವಾಕ್ಯವನ್ನು ನೆನಪಿದ್ದಷ್ಟು ಅಕ್ಷರಶಃ ಹೇಳಿದ. ಕರ್ವಿನ್ ಕಂಪ್ಯೂಟರಿನಿಂದ ಕೈ ತೆಗೆದು ಪೂರ್ತಿ ಕೇಳಿಸಿಕೊಂಡ. ಅವನ ಮುಖದಲ್ಲಿ ಸಿಟ್ಟು ಬರುವುದನ್ನು ಲೆಸ್ಟರ್ ಕಾಯುತ್ತಿದ್ದ. ಬಂದದ್ದು ಸ್ವಲ್ಪ ಮುಜುಗರ, ದೊಡ್ಡವರು ತಮ್ಮ ಕಾಯಿಲೆಯ ವಿವರ ಹೇಳಿಕೊಳ್ಳುವಾಗ ಕೇಳುವವರಿಗೆ ಆಗುವಂಥದ್ದು.

"ಲೆಸ್ಟರ್, ಎಡಗಡೆ ಸಂಗತಿ ನಮಗೆ ಗೊತ್ತು," ಎಂದ ಕರ್ವಿನ್. "ಅವನು ಆಡಿದ ಮೂರು ಪಂದ್ಯದ್ದೂ ಒಂದೊಂದು ಎಸೆತಾನೂ ವಿಡಿಯೊದಲ್ಲಿ ನೋಡಿದೀವಿ. ಒಂಬತ್ತು ಸಲ ಹಾಗಾಗಿದೆ. ಅದಕ್ಕೇ ಒಂಬತ್ತನೇ ಸರದೀಲಿ ಎಡಗಡೆಗೆ ಆ ಮಿಷಿಗನ್ ಹುಡುಗನ್ನ ತರೋಣ ಅಂತಿರೋದು."

"ಮತ್ತೆ ನನ್ನ ವರದಿ?"

"ಅದು ಮಿಸೆಸ್ ಥರ್ಲೋಗೆ. ಅವರಿಗೆ ವಿಡಿಯೊ ತೋರಿಸಿದ್ರೆ ನಿದ್ದೆ ಬರುತ್ತೆ." ಹೇಳಿದ ಮೇಲೆ ತಾನು ಬಳಸಿದ ಪದ ಅವನಿಗೇ ಕೇಳಿಸಿತೇನೋ, ಕಣ್ಣು ತಗ್ಗಿಸಿದ. "ವರದಿ ಇಲ್ದೇ ಇದ್ರೂ ನಾನು ಈ ವ್ಯವಹಾರ ಮಾಡ್ತಿದ್ದೆ. ನಿಮ್ಮ ಮನಸ್ಸಿಗೆ ಭಾರ ಬೇಡ ಅಂತ ಹೇಳ್ತಿದೀನಿ."

ಲೆಸ್ಟರ್ ಜರೆಲ್ ಪೆಟಿವೇಯ ಮಾತೆತ್ತಿದ. ಒಂಬತ್ತನೆಯ ಸರದಿಯನ್ನು ಬೇರೆ ತಂಡಕ್ಕೆ ಬಿಟ್ಟು ಇಪ್ಪತ್ತರ ಸುಮಾರಿಗೆ ಇಳಿದರೆ, ಇಳಿದದ್ದಕ್ಕೆ ಬದಲಾಗಿ ಎರಡನೆಯ ಸುತ್ತಿನಲ್ಲಿ ಒಂದು ಸರದಿ ಸಿಗುತ್ತದೆ, ಮಿಷಿಗನ್ನಿನವನ ಬದಲು ಇವನನ್ನೇ ಎಡಕ್ಕೆ ನಿಲ್ಲಿಸಬಹುದು. ಹೇಳುತ್ತಿದ್ದಂತೆ ತನ್ನ ದನಿ ಬೇಡುವವನ ದನಿಯಾಗುತ್ತಿರುವುದು ಅವನಿಗೇ ಗೊತ್ತಾಯಿತು. ಕರ್ವಿನ್ ಕಾಗದದ ಮೇಲೆ ಆ ಹೆಸರು ಗುರುತು ಹಾಕಿಕೊಂಡ. ಡ್ರಾಫ್ಟ್ ದಿನ ಯಾರಾದರೂ ಅಂಥ ಅದಲುಬದಲಿಗೆ ಕರೆದರೆ ನೋಡೋಣ ಎಂದ. ಬಾಗಿಲವರೆಗೆ ಜೊತೆಗೆ ಬಂದು, ಆ ಕಾರಿನ ವಿಷಯ ಇನ್ನೆಲ್ಲೂ ಹೇಳುವುದು ಬೇಡ, ನಿಮಗೋಸ್ಕರ ಅಲ್ಲ, ಮಿಸೆಸ್ ಥರ್ಲೋಗೋಸ್ಕರ ಎಂದು ಮೆಲ್ಲಗೆ ಸೇರಿಸಿದ. ಲೆಸ್ಟರ್ ಮೆಟ್ಟಿಲಿಳಿದ. ನಾಲ್ಕು ವರ್ಷ ಒಳಗೊಳಗೇ ಹೊತ್ತು ತಿರುಗಿದ ಕಲ್ಲನ್ನು ತೂಕಕ್ಕೆ ಹಾಕಿಸಿದರೆ ತಕ್ಕಡಿ ಅಲುಗಿರಲೇ ಇಲ್ಲ. ಶಿಕ್ಷೆಗೆ ಸಹ ತಾನು ಬೇಕಾಗಿಲ್ಲ. ಹಾಗಾದರೆ ಹೋಲಿಸನನ್ನು ಕಳಿಸಿದ್ದು ಯಾವುದಕ್ಕೆ?

ಡೆಟ್ರಾಯಿಟ್ ನಿಲ್ದಾಣದಲ್ಲಿ ಟೋಬಿನ್ ಲಾಸ್ಕಿ ಒಂದೇ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಇಪ್ಪತ್ತಾರು ವರ್ಷ, ಟೀವಿಯಲ್ಲಿ ಕಾಣುವುದಕ್ಕಿಂತ ತೆಳ್ಳಗೆ, ಕೈಕುಲುಕುವಾಗ ಎದುರಿನವರ ಕಣ್ಣು ಬಿಟ್ಟು ಬೇರೆಡೆ ನೋಡದವನು. ದಕ್ಷಿಣಕ್ಕೆ ಒಂದು ಗಂಟೆಯ ಹಾದಿ, ಎರಡೂ ಕಡೆ ಮಾರ್ಚ್ ತಿಂಗಳ ಖಾಲಿ ಮೆಕ್ಕೆಜೋಳದ ಹೊಲ, ಉಳುಮೆಗೆ ಕಾಯುತ್ತಿದ್ದ ಕಪ್ಪು ಮಣ್ಣಿನಲ್ಲಿ ನಿಂತ ನೀರು. ಹುಡುಗ ಹೆಂಡತಿಯೊಂದಿಗೆ ಇರಲು ಮನೆ ಎಲ್ಲಿ ಹುಡುಕಬೇಕು ಎಂದು ಕೇಳಿದ, ಊರ ಪಕ್ಕದ ದೊಡ್ಡ ಸರೋವರದ ಗಾಳಿ ಚೆಂಡನ್ನು ಯಾವ ಕಡೆಗೆ ತಳ್ಳುತ್ತದೆ ಎಂದು ಕೇಳಿದ. ಎರಡು ಸರದಿ ಕೊಟ್ಟು ನನ್ನನ್ನು ತಂದಿದ್ದಾರೆ, ಅವು ಯಾರಿಗೆ ಹೋಗಬೇಕಿತ್ತೋ ಅವರ ಹೆಸರು ನನಗೆ ಗೊತ್ತಾಗದಿರುವುದೇ ಒಳ್ಳೆಯದು ಎಂದ. ಲೆಸ್ಟರ್ ರಸ್ತೆ ನೋಡುತ್ತಿದ್ದ. ವೈದ್ಯರ ಬಳಿ ಹೋಗುವುದಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು, ಮೌಮಿ ನದಿಯ ಆಚೆ ದಡದಲ್ಲಿದ್ದ ಹಂಗೇರಿಯವರ ಹಳೆಯ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದ. ಖಾರದ ಗೊಜ್ಜು ಹಾಕಿದ ಸಾಸೇಜು, ಉಪ್ಪಿನ ಸೌತೆ. ಹುಡುಗ ನಿಧಾನವಾಗಿ, ಅಚ್ಚುಕಟ್ಟಾಗಿ ತಿಂದ. ಬೆಂಚಿನ ಮೇಲೆ ಕೂತವರು ಹೀಗೆ ತಿನ್ನುವುದನ್ನು ಲೆಸ್ಟರ್ ಮೊದಲೂ ನೋಡಿದ್ದ. ಯಾರೂ ಅವರನ್ನು ಅವಸರಕ್ಕೆ ಕರೆಯುವುದಿಲ್ಲ.

"ನೀವು ಬರೆದಿದ್ದನ್ನ ಕರ್ವಿನ್ ಸಾರ್ ಫೋನಲ್ಲಿ ಓದಿದ್ರು," ಎಂದ ಲಾಸ್ಕಿ. "ಮನೆ ಕುಸೀತಿದ್ರೂ, ಅಂತ. ನಾನು ಹೆಂಡ್ತಿಗೆ ಹೇಳಿದೆ. ಅವಳು ಅದನ್ನ ಬರೆದು ಫ್ರಿಜ್ ಮೇಲೆ ಅಂಟಿಸಿದಾಳೆ." ಲೋಟ ಪಕ್ಕಕ್ಕೆ ಸರಿಸಿ, "ನಾಲ್ಕು ವರ್ಷ ಯಾರೂ ನನ್ನ ಬಗ್ಗೆ ಏನೂ ಬರೆದಿಲ್ಲ ಸಾರ್. ಆ ದಿನ ನೀವಿದ್ರಲ್ಲ, ಅದೇ ನನಗೆ ದೊಡ್ಡದು. ಆ ಎರಡನೇ ಅರ್ಧ ನೆನೆಸ್ಕೊಂಡೇ ನಾನು ಇಷ್ಟು ದಿನ ಕಳೆದಿದ್ದು."

ಇನ್ನೆಲ್ಲೂ ಹೇಳುವುದು ಬೇಡ ಎಂದಿದ್ದ ಕರ್ವಿನ್. ಹೌದು, ಹೇಳುವುದರಿಂದ ಯಾರಿಗೂ ಲಾಭವಿರಲಿಲ್ಲ. ಹುಡುಗನ ಮುಖದಲ್ಲಿದ್ದ ಕೃತಜ್ಞತೆಯನ್ನು ತೆಗೆದುಕೊಂಡು ಸುಮ್ಮನಿರಬಹುದಿತ್ತು, ಅದು ಬೆಚ್ಚಗಿತ್ತು, ಹೀಟರ್ ಹಾಕಿದ ಕಾರಿನ ಹಾಗೆ. ಅದು ಬೆಚ್ಚಗಿದೆ ಅನ್ನಿಸಿದ ಕೂಡಲೇ ಲೆಸ್ಟರನಿಗೆ ಕೂರಲಾಗಲಿಲ್ಲ.

"ನಾನಿರಲಿಲ್ಲ," ಎಂದ. "ನಾನು ಕಾರಲ್ಲಿ ಮಲಗಿದ್ದೆ. ನೋಡಿದ್ದು ಬೇರೆಯವನು, ಬರೆದಿದ್ದೂ ಅವನೇ. ನಾನು ಸಹಿ ಹಾಕಿದೆ."

ಲಾಸ್ಕಿ ಕೈಯಲ್ಲಿದ್ದ ಸೌತೆಯ ಹೋಳನ್ನು ತಟ್ಟೆಯ ಅಂಚಿಗೆ ಇಟ್ಟ. ಲೆಸ್ಟರ್ ಉಳಿದದ್ದನ್ನೂ ಹೇಳಿದ, ಬಿಟ್ಟುಹೋದ ವಾಕ್ಯವನ್ನು, ಹೋಲಿಸನ ಕೆಲಸ ಹೋದದ್ದನ್ನು, ಆ ಹೆಸರು ಕೊಟ್ಟವರು ಯಾರು ಎಂಬುದನ್ನು. ಹುಡುಗನ ಮುಖ ಮೊದಲು ಕೆಂಪಾಗಿ ಆಮೇಲೆ ಸಪ್ಪಗಾಯಿತು. ಪಕ್ಕದ ಮೇಜಿನ ಇಬ್ಬರು ಹೆಂಗಸರು ಅವನ ಗುರುತು ಹಿಡಿದು ಪಿಸುಗುಟ್ಟುತ್ತಿದ್ದರು. ಅವನು ಅವರ ಕಡೆ ಒಂದು ಸಣ್ಣ ನಗು ನಕ್ಕು ಮತ್ತೆ ಈ ಕಡೆ ತಿರುಗಿದ. ಇವನಿಗೆ ಬೈಯಲು ಬರುವುದಿಲ್ಲ, ಅಥವಾ ಬೈಯುವಷ್ಟು ಮುಖ್ಯನಲ್ಲ ನಾನು ಎಂದು ಲೆಸ್ಟರ್ ಅಂದುಕೊಂಡ.

"ಎಡಗಡೆ ವಿಷಯ ಅವರು ಆಗಲೇ ಬರೆದಿದ್ರಾ?" ಎಂದು ಕೇಳಿದ ಲಾಸ್ಕಿ. "ಅದು ನನಗೆ ಗೊತ್ತಾಗಿದ್ದು ಹೋದ ವರ್ಷ. ಯಾರೂ ಹೇಳಿರಲಿಲ್ಲ." ಬಾಯಿ ಒರೆಸಿಕೊಂಡ. "ಅವರ ನಂಬರ್ ಇದೆಯಾ ನಿಮ್ಮ ಹತ್ರ?"

ನಂಬರ್ ಇತ್ತು. ಎರಡು ವರ್ಷದಿಂದ ಅದನ್ನು ಒತ್ತಿರಲಿಲ್ಲ, ಅಳಿಸಿಯೂ ಇರಲಿಲ್ಲ. ಗಂಟೆ ಒಂದೂ ಮುಕ್ಕಾಲು. ಮಕ್ಕಳನ್ನು ಮನೆಗೆ ಬಿಡುವ ಹೊತ್ತು ಇನ್ನೂ ಆಗಿರಲಾರದು. ಮೂರನೆಯ ಸಲ ರಿಂಗಾದಾಗ ಹೋಲಿಸ್ ಎತ್ತಿಕೊಂಡು, "ಹೇಳು," ಎಂದ, ನಿನ್ನೆ ತಾನೇ ಮಾತಾಡಿದವನ ಹಾಗೆ. ಹಿಂದೆ ಎಲ್ಲೋ ಡೀಸೆಲ್ ಎಂಜಿನ್ನು ಗುಡುಗುಡು ಎನ್ನುತ್ತಿತ್ತು. "ಟೋಬಿನ್ ಲಾಸ್ಕಿ ಇಲ್ಲಿದಾನೆ. ನಿನ್ನ ಹತ್ರ ಮಾತಾಡ್ಬೇಕಂತೆ," ಎಂದಷ್ಟೇ ಹೇಳಿ ಲೆಸ್ಟರ್ ಫೋನನ್ನು ಹುಡುಗನಿಗೆ ಕೊಟ್ಟ.

ಲಾಸ್ಕಿ ಫೋನು ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತ. ಗದ್ದಲದಲ್ಲಿ ಅವನ ಮಾತಿನ ತುಣುಕುಗಳಷ್ಟೇ ಕೇಳಿಸುತ್ತಿದ್ದವು. ಹೌದು ಸಾರ್. ಇಲ್ಲ, ಬಲಗಾಲು. ಮೂರನೇ ಪಂದ್ಯದಲ್ಲೂ ಹಾಗೇ ಆಯ್ತು. ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡ. ಒಂದು ಸಲ ಎಡಗೈಯನ್ನು ಮುಂದಕ್ಕೆ ಚಾಚಿ, ಎಡಪಾದವನ್ನು ಅರ್ಧ ಹೆಜ್ಜೆ ಹಿಂದಕ್ಕೆ ಇಟ್ಟು, ಮತ್ತೆ ಇಟ್ಟು ನೋಡಿದ. ತಟ್ಟೆ ಹಿಡಿದು ಬರುತ್ತಿದ್ದ ಪರಿಚಾರಕಿ ಅವನನ್ನು ಸುತ್ತಿಕೊಂಡು ಹೋದಳು. ಹುಡುಗ ಒಮ್ಮೆ ಗಟ್ಟಿಯಾಗಿ ನಕ್ಕ. ಫಿಂಡ್ಲೆಯ ಯಾವುದೋ ಬಸ್ಸಿನ ಮೆಟ್ಟಿಲ ಮೇಲೆ ಕೂತು, ನೋಯುವ ಮಂಡಿಯನ್ನು ನೀಡಿಕೊಂಡು, ನಾಲ್ಕು ವರ್ಷದ ಹಿಂದಿನ ಒಂದು ಒದ್ದೆ ಮಧ್ಯಾಹ್ನವನ್ನು ಹೋಲಿಸ್ ಎಸೆತ ಎಸೆತವಾಗಿ ಹೇಳುತ್ತಿದ್ದಾನೆ ಎಂದು ಲೆಸ್ಟರನಿಗೆ ಅರ್ಥವಾಯಿತು. ಅವನಿಗೆ ಎಲ್ಲ ನೆನಪಿದೆ. ಯಾರಿಗೂ ಬೇಡವಾದ ಮೇಲೂ ನೆನಪಿಟ್ಟುಕೊಂಡಿದ್ದಾನೆ. ಫೋನು ತನ್ನ ಕೈಗೆ ಮರಳಿದಾಗ ಏನು ಹೇಳಬೇಕೆಂದು ಲೆಸ್ಟರ್ ಜೋಡಿಸಿಕೊಳ್ಳತೊಡಗಿದ. ಕ್ಷಮಿಸು ಎನ್ನುವುದು ತೀರ ನಾಟಕವಾದೀತು. ನನ್ನಿಂದ ತಪ್ಪಾಯಿತು ಎಂದರೆ ಸಾಕು. ಹೋಲಿಸ್ ಏನಾದರೂ ಬಿರುಸಾಗಿ ಅಂದರೆ ಅದೂ ಒಳ್ಳೆಯದೇ, ಅನ್ನಲಿ.

ಹನ್ನೊಂದು ನಿಮಿಷದ ಮೇಲೆ ಲಾಸ್ಕಿ ಬಂದು ಕೂತು ಫೋನನ್ನು ಮೇಜಿನ ಮೇಲಿಟ್ಟ. ಲೆಸ್ಟರ್ ಎತ್ತಿ ಕಿವಿಗೆ ಹಿಡಿದ. ಆ ಕಡೆ ಯಾರೂ ಇರಲಿಲ್ಲ.

"ಬಸ್ಸಿಗೆ ಟೈಮಾಯ್ತಂತೆ," ಎಂದ ಲಾಸ್ಕಿ. ಅವನ ಮುಖದಲ್ಲಿ ಬಣ್ಣ ಮರಳಿತ್ತು. ಶನಿವಾರ ನಾನೇ ಫಿಂಡ್ಲೆಗೆ ಹೋಗುತ್ತೇನೆ, ಅಲ್ಲಿನ ಶಾಲೆಯ ಮೈದಾನದಲ್ಲಿ ಒಂದು ಗಂಟೆ ನನ್ನ ಆಟ ನೋಡುವುದಾಗಿ ಅವರು ಅಂದಿದ್ದಾರೆ ಎಂದ.

ಕೇಳಬಾರದೆಂದು ಗೊತ್ತಿದ್ದೂ ಲೆಸ್ಟರ್ ಕೇಳಿದ. "ನನ್ನ ಬಗ್ಗೆ ಏನಾದ್ರೂ ಅಂದ್ನಾ?"

ಹುಡುಗ ನಿಜವಾಗಿಯೂ ಯೋಚಿಸಿ ನೋಡಿದ.

"ಇಲ್ಲ ಸಾರ್," ಎಂದ. "ಆಟದ ಬಗ್ಗೆನೇ ಮಾತಾಡಿದ್ರು." ಆಮೇಲೆ ತಟ್ಟೆಯ ಅಂಚಿನಲ್ಲಿಟ್ಟಿದ್ದ ಸೌತೆಯ ಹೋಳನ್ನು ಎತ್ತಿಕೊಂಡು ತಿಂದ.